ನೀರಿಗೊಬ್ಬ, ಮಿಂಚಿಗೊಬ್ಬ

ಕೊಳ್ಳೇಗಾಲದಿಂದ ಹೊರಟು ಸತ್ತೇಗಾಲದ ಹ್ಯಾಂಡ್‌ಪೋಸ್ಟ್ ದಾಟಿ ಶಿವನಸಮುದ್ರದ ಕಡೆ ಹೋಗುವವರಲ್ಲಿ ಮುಕ್ಕಾಲು ಪಾಲು ಭರಚುಕ್ಕಿ ನೋಡಿ ವಾಪಸಾಗುತ್ತಾರೆ. ಹೊಳೆಯ ಆಚೆ ದಡ ಮಳವಳ್ಳಿ ಸೀಮೆ. ಅಲ್ಲಿ ಕಡಿದಾದ ಇಳಿಜಾರಿನ ಬುಡದಲ್ಲಿ 1902ರ ವಿದ್ಯುದಾಗಾರವಿದೆ. ಜನ ಆ ಜಾಗವನ್ನು ‘ಬ್ಲಫ್’ ಎಂದೇ ಕರೆಯುತ್ತಾರೆ. ಪರಿಣತ ಗುತ್ತಿಗೆದಾರರನ್ನು ಹೇಗೆ ಗೊತ್ತುಮಾಡಿಕೊಳ್ಳಬೇಕು ಎಂಬ ಪಾಠ ನಮ್ಮ ಸೀಮೆಯಲ್ಲಿ ಸಿಗುವುದಾದರೆ ಅದು ಇಲ್ಲೇ.

ಮೊದಲು ಇಂದಿನ ಮಾತು. ಅಮೆರಿಕದ ಫೀನಿಕ್ಸ್ ಮರುಭೂಮಿಯ ನಗರ. ಬೇಸಿಗೆಯಲ್ಲಿ ಅಲ್ಲಿ 43 ಡಿಗ್ರಿ ಬಿಸಿಲು ಮಾಮೂಲು. ಅಂಥ ಊರಿನಲ್ಲೂ ಡೇಟಾ ಸೆಂಟರುಗಳು ಸಾಲಾಗಿ ಏಳುತ್ತಿವೆ. ಕಂಪ್ಯೂಟರು ಕುಡಿದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬೀಳುತ್ತದೆ. ಹತ್ತು ಮೆಗಾವ್ಯಾಟ್ ಒಳಹೋದರೆ ಹೆಚ್ಚುಕಮ್ಮಿ ಹತ್ತು ಮೆಗಾವ್ಯಾಟಿನ ಒಲೆ ಉರಿಸಿದಂತೆ! ಮನೆ ಕಟ್ಟುವ ಮೇಸ್ತ್ರಿಗೆ ಇದು ನಿಲುಕುವ ಕೆಲಸವಲ್ಲ. ತಂಪಿಗೊಬ್ಬ, ಕರೆಂಟಿಗೊಬ್ಬ, ಜನರೇಟರಿಗೊಬ್ಬ ಬೇಕು. ಒಬ್ಬೊಬ್ಬನೂ ತನ್ನ ಕಸುಬಿನಲ್ಲಿ ಗಟ್ಟಿಗನೇ. ಎಡವಟ್ಟಾಗುವುದು ಒಬ್ಬನ ಕೊಳವೆ ಮುಗಿದು ಇನ್ನೊಬ್ಬನ ತಂತಿ ಶುರುವಾಗುವ ಕಡೆ. ಅದಕ್ಕೇ ನಿಜವಾದ ಕಂಪ್ಯೂಟರು ಬರುವ ಮೊದಲು ಅಷ್ಟೇ ಬಿಸಿ ಕಾರುವ ಹೀಟರುಗಳನ್ನಿಟ್ಟು, ಬೇಕೆಂದೇ ಮೇನ್ ಸ್ವಿಚ್ ಆರಿಸಿ, ಎಲ್ಲವೂ ಒಟ್ಟಿಗೆ ನಡೆಯುತ್ತದೆಯೇ ಎಂದು ನೋಡುತ್ತಾರೆ.

ಮೈಸೂರು ಸರ್ಕಾರಕ್ಕೂ 1900ರಲ್ಲಿ ಇಂಥದ್ದೇ ಕೆಲಸ ಎದುರಾಗಿತ್ತು. ಜಾನ್ ಟೇಲರ್ ಅಂಡ್ ಸನ್ಸ್ ನೋಡಿಕೊಳ್ಳುತ್ತಿದ್ದ ಕೋಲಾರದ ಚಿನ್ನದ ಗಣಿಗಳಿಗೆ ಹಗಲೂ ರಾತ್ರಿ ತಪ್ಪದ ಶಕ್ತಿ ಬೇಕು. ಶಿವನಸಮುದ್ರದಿಂದ ಅಲ್ಲಿಗೆ ಸುಮಾರು 148 ಕಿಲೋಮೀಟರ್ ದೂರ. ಅಷ್ಟು ಉದ್ದದ ತಂತಿ ಎಳೆದ ಅನುಭವ ಇಡೀ ಏಷ್ಯಾದಲ್ಲಿ ಯಾರಿಗೂ ಇರಲಿಲ್ಲ.

ದಿವಾನ ಶೇಷಾದ್ರಿ ಅಯ್ಯರ್ ಮಾಡಿದ ಜಾಣತನವೆಂದರೆ, ಗುತ್ತಿಗೆ ಕೊಡುವ ಮುಂಚೆ ತಮ್ಮ ಕಡೆಯ ಒಬ್ಬನನ್ನು ಕಲಿಯಲು ಕಳಿಸಿದ್ದು. ರಾಯಲ್ ಎಂಜಿನಿಯರ್ಸ್ ಪಡೆಯ ಜೋಲಿ ಡಿ ಲೊಟ್ಬಿನಿಯರ್ 1899ರಲ್ಲಿ ಯುರೋಪು, ಅಮೆರಿಕ ಸುತ್ತಿ ಅಲ್ಲಿನ ಜಲವಿದ್ಯುತ್ ಕೆಲಸಗಳನ್ನು ನೋಡಿ ಬಂದರು. ಹುಟ್ಟು ಕೆನಡಾದ ಕ್ವಿಬೆಕ್, ತಂದೆ ಆ ಪ್ರಾಂತ್ಯದ ಪ್ರೀಮಿಯರ್ ಆಗಿದ್ದವರು. ಇಂಥವರು ಕಾವೇರಿ ದಡಕ್ಕೆ ಬಂದದ್ದೇ ಒಂದು ಸೋಜಿಗ.

ಕೆಲಸ ಇಬ್ಭಾಗವಾಯಿತು. ನೀರಿನ ರಭಸವನ್ನು ತಿರುಗುವ ಚಕ್ರವಾಗಿಸುವುದು ಜ್ಯೂರಿಕ್‌ನ ಎಷರ್ ವಿಸ್ ಪಾಲಿಗೆ, ಚಕ್ರದಿಂದ ಆಚೆಗಿನ ವಿದ್ಯುತ್ತೆಲ್ಲ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪಾಲಿಗೆ. ಸ್ವಿಸ್ ಚಕ್ರದ ಅಚ್ಚಿಗೆ ಅಮೆರಿಕದ ಜನರೇಟರು ಕೂರಬೇಕು. ಸಾಮಾನು ಬರುವುದು ಹಡಗಿನಲ್ಲಿ, ಮದ್ದೂರಿನ ತನಕ ರೈಲಿನಲ್ಲಿ, ಅಲ್ಲಿಂದ ಎತ್ತಿನಗಾಡಿ ಮತ್ತು ಆನೆಗಳ ಮೇಲೆ. ಅಳತೆ ಒಂದು ಕೂದಲು ತಪ್ಪಿದ್ದರೂ ತಿದ್ದುಪಡಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಇಬ್ಬರ ನಡುವಿನ ಆ ಸಂದನ್ನು ಕಾಯುವವರು ಸರ್ಕಾರದ ಕಡೆಯವರೇ ಆಗಿರಬೇಕಿತ್ತು, ಲೊಟ್ಬಿನಿಯರ್ ಅದಕ್ಕೇ ಇದ್ದರು.

1902ರ ಜೂನ್ ಕೊನೆಗೆ 720 ಕಿಲೋವ್ಯಾಟಿನ ಆರು ಯಂತ್ರಗಳ ಕರೆಂಟು ಕೋಲಾರ ಮುಟ್ಟಿತು. ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರ ಆಗಸ್ಟಿನಲ್ಲಿ. ಮೈಸೂರು ಸರ್ಕಾರದ ಮುಖ್ಯ ವಿದ್ಯುತ್ ಎಂಜಿನಿಯರ್ ಆಗಿದ್ದ ಅಮೆರಿಕದ ಎಚ್. ಪಿ. ಗಿಬ್ಸ್ ಮುಂದೆ ಟಾಟಾದವರ ಜಲವಿದ್ಯುತ್ ಕೆಲಸಕ್ಕೆ ಹೋದರು. ಪರಿಣತರು ಒಂದು ಕಡೆ ನಿಲ್ಲುವ ಪೈಕಿಯಲ್ಲ. ಯಂತ್ರ ತಿರುಗಿಸಲು ಸ್ಥಳೀಯರು ಕಲಿತಿದ್ದರೆ ಸರಿ, ಇಲ್ಲವಾದರೆ ಅವರ ಬೆನ್ನ ಹಿಂದೆಯೇ ಕೆಲಸವೂ ಹೊರಟುಹೋಗುತ್ತದೆ.

ಗುತ್ತಿಗೆಯ ಹಾಳೆಯಲ್ಲಿ ಬರೆಯಲಾಗದ ಸಂಗತಿಯೊಂದಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು. ಚಕ್ರ ಚೆನ್ನಾಗಿದೆ, ಜನರೇಟರು ಚೆನ್ನಾಗಿದೆ, ಹೊಳೆಯೇ ಇಲ್ಲದಿದ್ದರೆ ಜ್ಯೂರಿಕ್‌ನವನು ಏನು ಮಾಡಿಯಾನು? ಮರುಭೂಮಿಯ ಡೇಟಾ ಸೆಂಟರುಗಳದ್ದೂ ಇದೇ ಪಾಡು. ನೀರನ್ನು ಆವಿಯಾಗಿಸಿ ತಂಪು ಮಾಡುವ ಯಂತ್ರವನ್ನು ಗುತ್ತಿಗೆದಾರ ತಂದುಕೊಡುತ್ತಾನೆ, ನೀರನ್ನಲ್ಲ. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಶುರುವಾದದ್ದಕ್ಕೆ ಬ್ಲಫ್‌ನ ಯಂತ್ರಗಳಿಗೆ ವರ್ಷವಿಡೀ ನೀರು ಬೇಕು ಎಂಬುದೂ ದೊಡ್ಡ ಕಾರಣ. ಮದರಾಸಿನವರು ತಕರಾರು ತೆಗೆದರು, ವ್ಯಾಜ್ಯ 1924ರ ಒಪ್ಪಂದದ ತನಕ ಎಳೆಯಿತು.

ಈ ತಕರಾರಿನ ಗಡಿ ನಮ್ಮ ಮನೆಯಂಗಳದಲ್ಲೇ ಹಾಯುತ್ತಿತ್ತು. ಯಳಂದೂರು ಪೂರ್ಣಯ್ಯನವರ ಜಹಗೀರು, ಮೈಸೂರಿನದು. ಹನೂರನ್ನೂ ಒಳಗೊಂಡ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯದು. ವಿದ್ಯುದಾಗಾರದ ದಡ ಒಂದು ಸರ್ಕಾರದ್ದು, ಎದುರಿನ ನಡುಗಡ್ಡೆ ಇನ್ನೊಂದು ಸರ್ಕಾರದ್ದು.