ಮೂರು ಬಣ್ಣದ ಸಿಹಿ ಸಪ್ಪೆಯಾದದ್ದೇಕೆ?

ಸ್ಯಾನ್ ಹೋಸೆಯಲ್ಲಿ ಇರುವವರಿಗೆ ವಿಯೆಟ್ನಾಮೀ ಊಟ ಹೊಸದೇನಲ್ಲ. 1975ರಲ್ಲಿ ಸೈಗಾನ್ ಪತನವಾದ ಮೇಲೆ ಬಂದು ನೆಲೆಸಿದವರು, ಅವರ ಮಕ್ಕಳು ಮೊಮ್ಮಕ್ಕಳು ಸೇರಿ ಈ ಊರಿನಲ್ಲಿ ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಟೋಫು ಹಾಕಿದ ಬಾನ್ ಮೀ ವಾರಕ್ಕೊಮ್ಮೆಯಾದರೂ ನನ್ನ ಮಧ್ಯಾಹ್ನದ ಊಟ. ಆದರೆ ಅವರ ಸಿಹಿಯನ್ನು ಮಾತ್ರ ಮುಟ್ಟಿರಲಿಲ್ಲ.

ಈಚೆಗೆ ಒಂದು ಸಣ್ಣ ಹೋಟೆಲಿನಲ್ಲಿ ಫ್ರಿಜ್ಜಿನೊಳಗಿದ್ದ ‘ಚೆ ಬಾ ಮಾವು’ ಕಣ್ಣಿಗೆ ಬಿತ್ತು. ಚೆ ಅಂದರೆ ಹೆಚ್ಚುಕಡಿಮೆ ನಮ್ಮ ಪಾಯಸ. ಬಾ ಮಾವು ಅಂದರೆ ಮೂರು ಬಣ್ಣ. ನಮ್ಮ ಮಾವಿಗೂ ಅದಕ್ಕೂ ಸಂಬಂಧವಿಲ್ಲ! ಕೆಳಗೆ ಕೆಂಪು ಕಾಳು, ನಡುವೆ ಹಳದಿ ಹೆಸರುಬೇಳೆ, ಅದರ ಮೇಲೆ ಪಾಂಡನ್ ಎಲೆಯ ಹಸಿರು ಎಳೆಗಳು, ಕೊನೆಗೆ ತೆಂಗಿನ ಹಾಲು, ಪುಡಿ ಐಸು. ಪಾಂಡನ್ ನಮ್ಮ ಕೇದಿಗೆಯ ನಂಟ, ಪರಿಮಳ ಬಾಸ್ಮತಿ ಅಕ್ಕಿಯದು. ಇಷ್ಟೆಲ್ಲ ಇದ್ದ ಮೇಲೆ ಕೆಡುವುದೆಲ್ಲಿಂದ ಅಂದುಕೊಂಡೆ.

ಕೆಟ್ಟಿತ್ತು. ಕಾಳು ಕಟಕಟ, ಎಳೆಗಳು ರಬ್ಬರು, ತೆಂಗಿನ ಹಾಲು ಮೇಣದ ಹಾಗೆ ಗಂಟುಗಂಟು, ಐಸು ಕರಗಿ ಉಳಿದದ್ದೆಲ್ಲ ನೀರು. ಅರ್ಧ ಕಸದ ಬುಟ್ಟಿಗೆ ಹೋಯಿತು.

ಸೋಮವಾರ ಆಫೀಸಿನಲ್ಲಿ ವಿಯೆಟ್ನಾಮೀ ಸಹೋದ್ಯೋಗಿಗೆ, “ನಿಮ್ಮ ಸಿಹಿ ಯಾಕೋ ನನಗೆ ಹಿಡಿಸಲಿಲ್ಲ” ಅಂದೆ. ಆಕೆ ನಕ್ಕು, “ದೀಪಾವಳಿ ಪಾಟ್‌ಲಕ್ಕಿಗೆ ನೀನು ತಂದಿದ್ದ ಒಬ್ಬಟ್ಟು ಚರ್ಮದ ಹಾಗಿತ್ತು. ನಿಮ್ಮವರ ಸಿಹಿಯೇ ಹೀಗೆ ಅಂತ ನಾನೂ ಅಂದುಕೊಂಡೆ” ಅಂದಳು. ಅದು ಪ್ಯಾಕೆಟ್ಟಿನ ಒಬ್ಬಟ್ಟು, ಮೈಕ್ರೋವೇವಿನಲ್ಲಿ ಬಿಸಿ ಮಾಡಿದ್ದು. ನಮ್ಮಮ್ಮ ಹೆಂಚಿನ ಮೇಲಿಂದ ನೇರ ಎಲೆಗೆ ಹಾಕುವ ಒಬ್ಬಟ್ಟು ಆಕೆಗೆ ಗೊತ್ತೇ ಇಲ್ಲ. ನಾಚಿಕೆಯಾಯಿತು.

ಹಾಗಾದರೆ ಆ ಲೋಟದಲ್ಲಿ ಕೆಟ್ಟದ್ದೇನು? ಆಕೆ ಹೇಳಿದ್ದು, ನಾನು ಮನೆಯಲ್ಲಿ ಮಾಡಿ ಕಲಿತದ್ದು ಇಷ್ಟು:

1. ಕಾಳು ಮೆತ್ತಗೆ ಬೆಂದ ಮೇಲೆ ಸಕ್ಕರೆ ಹಾಕಬೇಕು. ಮೊದಲೇ ಹಾಕಿದರೆ ಬೇಗ ಬೇಯುವುದಿಲ್ಲ.

2. ಹಸಿರು ಎಳೆಗಳನ್ನು ಅಕ್ಕಿ, ಮರಗೆಣಸಿನ ಹಿಟ್ಟಿನಿಂದ ಮಾಡುವುದುಂಟು. ಫ್ರಿಜ್ಜಿನಲ್ಲಿಟ್ಟರೆ ಬೆಂದ ಪಿಷ್ಟ ಗಟ್ಟಿಯಾಗುತ್ತದೆ. ನಿನ್ನೆಯ ಅಕ್ಕಿರೊಟ್ಟಿಯನ್ನು ನೆನೆಸಿಕೊಳ್ಳಿ.

3. ತೆಂಗಿನ ಹಾಲಿನ ಕೊಬ್ಬು ಥಂಡಿಗೆ ಹೆಪ್ಪುಗಟ್ಟುತ್ತದೆ. ಅದನ್ನು ಚಿಟಿಕೆ ಉಪ್ಪು ಹಾಕಿ ಕಾಯಿಸಿ, ತಿನ್ನುವಾಗಲೇ ಸುರಿಯಬೇಕು.

4. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಐಸು ಕರಗಿದರೆ ಇನ್ನೂ ಸಪ್ಪೆ. ಅದಕ್ಕೇ ಐಸು ಕೊನೆಗೆ.

ಅಂದರೆ ಇದು ಎದುರಿಗೇ ಜೋಡಿಸಿ ಕೊಡಬೇಕಾದ ತಿಂಡಿ; ಬೆಳಿಗ್ಗೆಯೇ ತುಂಬಿ ಮುಚ್ಚಳ ಹಾಕಿಡುವುದಲ್ಲ.

ಮುಂದಿನ ಶನಿವಾರ ಆಕೆ ಚೆ ಮಾತ್ರ ಮಾರುವ ಅಂಗಡಿಗೆ ಕರೆದುಕೊಂಡು ಹೋದಳು. ಅದೇ ಮೂರು ಬಣ್ಣ. ಹೆಸರುಬೇಳೆ ಬಾಯಲ್ಲಿ ಕರಗಿತು, ತೆಂಗಿನ ಹಾಲಿನ ಆ ಚೂರು ಉಪ್ಪು ಸಿಹಿಯನ್ನು ಎತ್ತಿ ಹಿಡಿದಿತ್ತು. ಅಜ್ಜಿ ಮಾಡುತ್ತಿದ್ದ ಹೆಸರುಬೇಳೆ ಪಾಯಸ ನೆನಪಾಗಿ ಇನ್ನೊಂದು ಲೋಟ ತಗೊಂಡೆ.

ಸಸ್ಯಾಹಾರಿಗಳಿಗೊಂದು ಮಾತು: ಚೆಯಲ್ಲಿ ಜೆಲ್ಲಿ ಇದ್ದರೆ ಅಗರ್ ಅಗರ್, ಅಂದರೆ ನಮ್ಮ ಚೈನಾ ಗ್ರಾಸ್ಸೇ, ಜೆಲಟಿನ್ನೇ ಎಂದು ಕೇಳಿ. ‘ಬಾನ್ ಫ್ಲಾನ್’ನಲ್ಲಿ ಮೊಟ್ಟೆ ಇರುತ್ತದೆ.

ಆಕೆಯ ಸಾಲ ಇನ್ನೂ ನನ್ನ ಮೇಲಿದೆ. ಯುಗಾದಿಗೆ ಮನೆಗೆ ಕರೆದಿದ್ದೇನೆ. ಈ ಸಲ ಹೂರಣ ನಾನೇ ರುಬ್ಬುತ್ತೇನೆ, ಪ್ಯಾಕೆಟ್ ತರುವುದಿಲ್ಲ!