ಪಿಯುಸಿ ಪಟ್ಟಿಯಲ್ಲಿ ಜರ್ಮನ್ ಎಲ್ಲಿ?

ಆದಿ ಉಡುಪಿಯ ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಅರ್ಜಿ ತುಂಬ್ತಿದ್ದಾಳೆ ಅಂತಿಟ್ಟುಕೊಳ್ಳಿ. ಎರಡು ಭಾಷೆ, ನಾಲ್ಕು ವಿಷಯ, ಒಟ್ಟು 600 ಅಂಕ. ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷ್ ಬಿಟ್ಟರೆ ಯುರೋಪಿನದು ಒಂದೇ, ಫ್ರೆಂಚ್. ಅದೂ ಕಾಲೇಜಿನಲ್ಲಿ ಕಲಿಸೋರಿದ್ದರೆ. ಜರ್ಮನ್ ಇಲ್ಲವೇ ಇಲ್ಲ.

ಆದರೆ ನಮ್ಮ ಮಕ್ಕಳು ಕಣ್ಣಿಟ್ಟಿರೋದು ಜರ್ಮನಿ ಮೇಲೆ! ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಎಂಜಿನಿಯರಿಂಗ್ ಮಾಸ್ಟರ್ಸ್ ಇಂಗ್ಲಿಷಿನಲ್ಲೇ ಮುಗಿಸಬಹುದು, ಸರಿ. ನರ್ಸ್ ಆಗಬೇಕಾದರೆ? ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಎ1ರಿಂದ ಸಿ2ರವರೆಗಿನ ಆರು ಮೆಟ್ಟಿಲುಗಳಲ್ಲಿ ಅದು ನಾಲ್ಕನೆಯದು. ಮೂರು ತಿಂಗಳ ಕ್ರ್ಯಾಶ್ ಕೋರ್ಸಿಗೆ ದಕ್ಕುವಂಥದ್ದಲ್ಲ.

ಜರ್ಮನ್‌ನಲ್ಲಿ ಪ್ರತಿ ನಾಮಪದಕ್ಕೂ ಲಿಂಗ ಬಾಯಿಪಾಠ ಆಗಬೇಕು. ‘ಹುಡುಗಿ’ ಅನ್ನೋ ಪದ ಅಲ್ಲಿ ನಪುಂಸಕ, ಸೂರ್ಯ ಸ್ತ್ರೀಲಿಂಗ! ವಿಭಕ್ತಿ ನಾಲ್ಕೇ; ಏಳು ಕಲಿತ ಕನ್ನಡಿಗರು ಅದಕ್ಕೆ ಹೆದರಬೇಕಿಲ್ಲ. ಇದಕ್ಕೆಲ್ಲ ಬೇಕಾದ್ದು ಸಮಯ. ಹದಿನಾರು, ಹದಿನೇಳನೇ ವಯಸ್ಸಿನಲ್ಲಿ ಅದು ಸಿಗುತ್ತಿತ್ತು. ನಾವು ಮಾತ್ರ ಆ ವಯಸ್ಸಲ್ಲಿ ಯಾವ ಭಾಷೆಗೆ ಹೆಚ್ಚು ಅಂಕ ಬರುತ್ತೆ ಅಂತಷ್ಟೇ ಲೆಕ್ಕ ಹಾಕ್ತೀವಿ.

ಕೆಲವೇ ಕಿಲೋಮೀಟರ್ ದೂರದ ಮಣಿಪಾಲದಲ್ಲಿ ವಿಶ್ವವಿದ್ಯಾಲಯ ಜರ್ಮನ್ ಕಲಿಸುತ್ತೆ. ಪಿಯು ಮಂಡಳಿ ಪಟ್ಟಿ ಬದಲಿಸುವವರೆಗೆ ಕಾಯಬೇಡಿ. ಫಸ್ಟ್ ಪಿಯುಸಿಯಲ್ಲೇ, ಅಂಕಪಟ್ಟಿಯ ಹೊರಗೇ ಆದರೂ, ಮಗಳಿಗೆ ಎ1 ಶುರು ಮಾಡಿಸಿ.