ಮನೆಗೆ ಧರ್ಮರಾಯ, ಬೀದಿಗೆ ಯಾರು?

ದಟ್ಟಗಳ್ಳಿ: ಇಲ್ಲಿ ಸ್ವಾರ್ಥಿ ಯಾರಪ್ಪಾ ಅಂತ ಕೇಳಿ ನೋಡಿ, ಒಬ್ಬನೂ ಕೈ ಎತ್ತೋದಿಲ್ಲ. "ನನಗೇನ್ ಬೇಕು ಸಾರ್, ಎಲ್ಲಾ ಮಕ್ಕಳಿಗೋಸ್ಕರ" ಅಂತಾರೆ. ಮಾತು ಸುಳ್ಳಲ್ಲ. ಕಿತ್ತುಹೋದ ಚಪ್ಪಲಿಗೇ ಹೊಲಿಗೆ ಹಾಕಿಸಿಕೊಂಡು ಮಗಳ ಫೀಸು ಕಟ್ಟುವ ಅಪ್ಪ, ತಾನು ತಂಗಳು ಉಂಡು ಬಿಸಿಯದನ್ನು ಬಡಿಸುವ ತಾಯಿ ಯಾವ ಬೀದಿಯಲ್ಲಿಲ್ಲ?

ಆದರೆ ಅದೇ ಅಪ್ಪ ಗೇಟು ದಾಟಿದರೆ ಬೇರೆ ಆಸಾಮಿ. ಅಂಗಡಿ ಮುಂದಿನ ಫುಟ್‌ಪಾತಿಗೆ ನಾಲ್ಕು ಮೂಟೆ ಇಳಿಸುತ್ತಾನೆ. ಮೋರಿ ಮೇಲೆ ಮೆಟ್ಟಿಲು ಕಟ್ಟುತ್ತಾನೆ. ಕಸದ ಕವರು ಖಾಲಿ ಸೈಟಿಗೆ ಎಸೆಯುತ್ತಾನೆ. ಯಾರಿಗೋಸ್ಕರ ಸ್ವಾಮಿ? ಮಕ್ಕಳಿಗೋಸ್ಕರ! ಮನೆಯೊಳಗೆ ಮಾಡಿದ ತ್ಯಾಗವೇ ಬೀದಿಯ ಸ್ವಾರ್ಥಕ್ಕೆ ಪರ್ಮಿಟ್ಟು.

ಕಚೇರಿಯ ಮೇಜಿನ ಕೆಳಗೆ ಚಾಚುವ ಕೈಯೂ "ಮಗನ ಸೀಟಿಗೆ" ಅಂತಲೇ ಹೇಳೋದು. 1912ರಲ್ಲಿ ದಿವಾನಗಿರಿ ಒಪ್ಪುವ ಮುಂಚೆ ವಿಶ್ವೇಶ್ವರಯ್ಯನವರು ನೆಂಟರನ್ನೆಲ್ಲ ಸೇರಿಸಿ, ಶಿಫಾರಸು ಕೇಳಿಕೊಂಡು ಯಾರೂ ಬರಕೂಡದು ಎಂದು ಮಾತು ತೆಗೆದುಕೊಂಡರಂತೆ. ಈಗ ಹಾಗೆ ಹೇಳಿದವರ ಮನೆ ಮದುವೆಗೆ ನೆಂಟರು ಬರುತ್ತಾರೋ ಇಲ್ಲವೋ!

ನಮ್ಮ ಪಕ್ಕದ ಲಿಂಗಾಂಬುಧಿ ಕೆರೆಯನ್ನೇ ತೆಗೆದುಕೊಳ್ಳಿ. 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ್ದು. ನೆನಪು ಅರಮನೆಯದು, ನೀರು ಊರಿನದು. ಮಹಾರಾಜರು, ಬೊಕ್ಕಸ ಇತ್ತು, ಕಟ್ಟಿಸಿದರು ಅನ್ನುತ್ತೀರಾ? ಸರಿ, ಬೊಕ್ಕಸ ಇಲ್ಲದವರ ಕಥೆ ಕೇಳಿ.

ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕು, ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು. ಕುಂದಿನಿ ಬೆಟ್ಟದಲ್ಲಿ ಕುರಿ ಮೇಯಿಸುವಾಗ ಪ್ರಾಣಿ ಪಕ್ಷಿಗೆ ಗುಟುಕು ನೀರಿಲ್ಲದ್ದು ಕಂಡು ಕಟ್ಟೆ ತೋಡಲು ಇಳಿದರು. ಹಾರೆ ಗುದ್ದಲಿಗೆ ಕಾಸಿಲ್ಲ, ಕುರಿ ಮಾರಿದರು. 2020ರ ಜೂನ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಇವರ ಹೆಸರೆತ್ತಿ 16 ಕಟ್ಟೆಗಳ ಲೆಕ್ಕ ಕೊಟ್ಟರು. ಹೆಸರು ಬಂದ ಮೇಲೆ ಊರಲ್ಲಿ ಕೆಲವರು ತಕರಾರೂ ತೆಗೆದರು, ಅದು ಇದ್ದದ್ದೇ. ಗೌಡರು ಕೇಳಿದ್ದೇನು ಗೊತ್ತೇ? ಬಸ್ಸಿನ ಪಾಸು! ಕೆಎಸ್‌ಆರ್‌ಟಿಸಿ ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಮಾರಿದ ಕುರಿಗಳು ಮನೆಯವರಿಗೆ ಸೇರಬೇಕಾದ್ದಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬೀದಿಗೆ ಕೊಟ್ಟದ್ದು ಮನೆಯಿಂದಲೇ ಹೋಗುತ್ತದೆ, ಆಕಾಶದಿಂದ ಬೀಳೋದಿಲ್ಲ. ಆದರೆ ನಮ್ಮಲ್ಲಿ ಲೆಕ್ಕ ಉಲ್ಟಾ: ಬೀದಿಯಿಂದ ಕಿತ್ತು ಮನೆ ತುಂಬಿಸಿಕೊಂಡು ಅದನ್ನೇ ತ್ಯಾಗ ಅಂತೀವಿ.

ಲಿಂಗಾಂಬುಧಿಗೆ ಒಳಚರಂಡಿಯ ಹೊಲಸು ಹರಿಯುತ್ತದೆಂಬ ದೂರು ಹೊಸದಲ್ಲ, ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಅಧಿಕಾರಿಗಳನ್ನು ಬೈದದ್ದೂ ಆಯಿತು, ಬೈಯಬೇಕಾದ್ದೇ. ಆದರೆ ಮಳೆನೀರಿನ ಕಾಲುವೆಗೆ ಕಕ್ಕಸಿನ ಪೈಪು ತಾನಾಗಿ ನಡೆದುಕೊಂಡು ಹೋಗುತ್ತದೆಯೇ? ಯಾರ ಮನೆಯದು ಅಂತ ಪಕ್ಕದವರಿಗೆ ಗೊತ್ತಿರುತ್ತದೆ. ಹೇಳೋದಿಲ್ಲ. ನೆರೆಹೊರೆ ಕೆಡಬಾರದಲ್ಲ!